ಮುರಿದದ್ದು ಕಂಡಿತು, ಜಾರಿದ್ದು ಕಾಣಲಿಲ್ಲ

ಮುಂಗೈಯಲ್ಲಿ ಮೂಳೆ ಎರಡು. ಕಿರುಬೆರಳಿನ ಕಡೆಯದು ಅಲ್ನಾ, ಹೆಬ್ಬೆರಳಿನ ಕಡೆಯದು ರೇಡಿಯಸ್. ಮೊಣಕೈಯಲ್ಲೊಮ್ಮೆ, ಮಣಿಕಟ್ಟಿನಲ್ಲೊಮ್ಮೆ ಇವೆರಡೂ ಕೂಡುತ್ತವೆ. ನಡುವಿನ ಉದ್ದಕ್ಕೂ ಗಟ್ಟಿ ಪೊರೆಯೊಂದು ಎರಡನ್ನೂ ಹಿಡಿದಿಟ್ಟಿದೆ. ಅಂಗೈ ಮಗುಚಿದಾಗ ರೇಡಿಯಸ್ ಅಲ್ನಾದ ಸುತ್ತ ಹೊರಳುತ್ತದೆ. ಕಿಟಕಿ ಚೌಕಟ್ಟಿನ ಒಂದು ಪಟ್ಟಿ ತುಂಡಾಗಿ ಗಿಡ್ಡವಾದರೆ ಮೂಲೆಯ ಕೂಡಿಕೆ ಬಿಟ್ಟುಕೊಳ್ಳುತ್ತದಲ್ಲ, ಇಲ್ಲೂ ಹಾಗೆಯೇ: ಒಂದು ಮೂಳೆ ಮುರಿದು ಕುಗ್ಗಿತೆಂದರೆ ಮೇಲಿನದೋ ಕೆಳಗಿನದೋ ಒಂದು ಕೀಲು ಜಾರಿರುವ ಸಾಧ್ಯತೆ ದೊಡ್ಡದು. ಈ ಸರಳ ಮಾತು ಶಸ್ತ್ರವೈದ್ಯರ ಮನಸ್ಸಿಗೆ ಪೂರ್ತಿ ಇಳಿಯಲು ಒಂದೂವರೆ ಶತಮಾನ ಬೇಕಾಯಿತು.

ಮೊದಲು ಬರೆದಿಟ್ಟವನು ಮಿಲಾನ್‌ನ ಜೊವಾನ್ನಿ ಬಾಟಿಸ್ಟಾ ಮಾಂಟೆಜಿಯಾ. 1814ರಲ್ಲಿ ಅಚ್ಚಾದ ಅವನ ಶಸ್ತ್ರವೈದ್ಯ ಗ್ರಂಥದಲ್ಲಿ ಬಿದ್ದು ಕೈ ಮುರಿದುಕೊಂಡ ಹುಡುಗಿಯೊಬ್ಬಳ ಪ್ರಸಂಗವಿದೆ. ಅಲ್ನಾದ ಮೇಲುಭಾಗ ಮುರಿದಿದೆಯೆಂದು ಕಟ್ಟು ಹಾಕಿದ. ತಿಂಗಳ ನಂತರ ಕಟ್ಟು ಬಿಚ್ಚಿ ಕೈ ನೀಡಿಸಿದರೆ, ಮೊಣಕೈ ಮುಂದೆ ಗಟ್ಟಿ ಗಂಟೊಂದು ಎದ್ದು ನಿಂತಿತು. ಅದು ರೇಡಿಯಸ್ಸಿನ ತಲೆ. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಹೊರಗೆ ಬರುತ್ತಿತ್ತು. ಮತ್ತೆ ಕಟ್ಟಿದರೂ ನಿಲ್ಲಲಿಲ್ಲ. ಎಕ್ಸ್-ರೇ ಬರಲು ಇನ್ನೂ 81 ವರ್ಷ ಇದ್ದ ಕಾಲದಲ್ಲಿ, ಬರಿಗೈಯಿಂದ ಮುಟ್ಟಿ ತಿಳಿದದ್ದು ಇಷ್ಟು. ತನ್ನ ಕೈತಪ್ಪನ್ನು ಪಠ್ಯಪುಸ್ತಕದಲ್ಲೇ ಒಪ್ಪಿಕೊಂಡ ವೈದ್ಯನ ಹೆಸರು ಆ ಗಾಯಕ್ಕೇ ಅಂಟಿಕೊಂಡಿತು. ನನಗಂತೂ ಅದು ಸರಿಯಾದ ಗೌರವವೇ ಎನ್ನಿಸುತ್ತದೆ.

ಇದರ ತಿರುವುಮುರುವು ಇನ್ನೊಂದು ಗಾಯ: ರೇಡಿಯಸ್ ಕೆಳಭಾಗದಲ್ಲಿ ಮುರಿದು, ಮಣಿಕಟ್ಟಿನ ಬಳಿಯ ಕೀಲು ತಪ್ಪುವುದು. ಲಂಡನ್ನಿನ ಆಸ್ಟ್ಲಿ ಕೂಪರ್ 1820ರ ದಶಕದಲ್ಲೇ ಇದನ್ನು ಗುರುತಿಸಿದ್ದ. ಆದರೆ ಹೆಸರು ಗಿಟ್ಟಿದ್ದು ಮತ್ತೊಬ್ಬ ಮಿಲಾನಿನವನಿಗೆ. 1934ರಲ್ಲಿ 18 ರೋಗಿಗಳ ವಿವರ ಕೊಟ್ಟ ರಿಕಾರ್ಡೊ ಗಲಿಯಾಟ್ಸಿಗೆ. ಪ್ಲಾಸ್ಟರ್ ಹಾಕಿದರೆ ಸಾಕೆಂಬ ನಂಬಿಕೆಗೆ ಪೆಟ್ಟು ಬಿದ್ದದ್ದು 1957ರಲ್ಲಿ. ಅಮೆರಿಕದ ಶಸ್ತ್ರವೈದ್ಯ ಹ್ಯೂಸ್ಟನ್ ತೋರಿಸಿದ ಲೆಕ್ಕದಲ್ಲಿ, ಹಾಗೆ ಉಪಚಾರ ಪಡೆದ 38 ಜನರಲ್ಲಿ 35 ಮಂದಿಯ ಕೈ ಸರಿಹೋಗಿರಲಿಲ್ಲ. ಹೆಬ್ಬೆರಳಿನ ಸ್ನಾಯುಗಳು, ಮಣಿಕಟ್ಟಿನ ಮೇಲಿನ ಚೌಕಾಕಾರದ ಸ್ನಾಯು, ಅಂಗೈಯ ಸ್ವಂತ ಭಾರ, ಎಲ್ಲವೂ ಸೇರಿ ಮುರಿದ ತುದಿಯನ್ನು ಎಳೆಯುತ್ತಿದ್ದರೆ ಹೊರಗಿನ ಪಟ್ಟಿ ಏನು ಮಾಡೀತು? ದೊಡ್ಡವರಲ್ಲಿ ಈ ಗಾಯಕ್ಕೆ ಆಪರೇಷನ್ ಅನಿವಾರ್ಯ ಎಂಬ ಮಾತು ಅಂದಿನಿಂದ ಗಟ್ಟಿಯಾಯಿತು. 1958ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ, ಮೂಳೆ ಶಸ್ತ್ರವೈದ್ಯರ ಎಓ ಬಳಗದ ಪ್ಲೇಟು, ಸ್ಕ್ರೂಗಳು ಆ ಕೆಲಸವನ್ನು ಸುಲಭ ಮಾಡಿದವು.

ಮಾಂಟೆಜಿಯಾ ಗಾಯಗಳನ್ನು ವಿಂಗಡಿಸಿದವನು ಉರುಗ್ವೆಯ ಹೊಸೆ ಲೂಯಿಸ್ ಬಾಡೊ. ರೇಡಿಯಸ್ಸಿನ ತಲೆ ಮುಂದೆ ಜಾರಿದೆಯೋ, ಹಿಂದಕ್ಕೋ, ಪಕ್ಕಕ್ಕೋ, ಇಲ್ಲ ಎರಡೂ ಮೂಳೆ ಮುರಿದಿವೆಯೋ ಎಂಬ ಅವನ ನಾಲ್ಕು ಬಗೆಗಳು 1967ರ ಇಂಗ್ಲಿಷ್ ಲೇಖನದಿಂದ ಎಲ್ಲೆಡೆ ಹಬ್ಬಿ, ಇವತ್ತಿಗೂ ಕೇಸ್ ಶೀಟುಗಳಲ್ಲಿ ಉಳಿದಿವೆ.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1951ರದು. ಬರ್ಮಿಂಗ್‌ಹ್ಯಾಮಿನ ಪೀಟರ್ ಎಸೆಕ್ಸ್-ಲೊಪ್ರೆಸ್ಟಿ ಯುದ್ಧಕಾಲದಲ್ಲಿ ಪ್ಯಾರಾಶೂಟ್ ಸೈನಿಕರ ಗಾಯಗಳನ್ನು ಹತ್ತಿರದಿಂದ ಕಂಡವನು. ಅವನ ಲೇಖನದಲ್ಲಿದ್ದದ್ದು ಇಬ್ಬರೇ ರೋಗಿಗಳು. ಮೊಣಕೈಯಲ್ಲಿ ರೇಡಿಯಸ್ಸಿನ ತಲೆ ಚೂರಾಗಿದೆ, ಮಣಿಕಟ್ಟಿನ ಕೀಲು ಬಿಟ್ಟಿದೆ, ನಡುವಿನ ಪೊರೆ ಉದ್ದಕ್ಕೂ ಹರಿದಿದೆ. ಚೂರಾದ ತಲೆಯನ್ನು ತೆಗೆದುಹಾಕುವುದು ಆಗಿನ ರೂಢಿ. ತೆಗೆದರೆ ಹಿಡಿಯುವ ಆಧಾರವೇ ಇಲ್ಲದೆ ರೇಡಿಯಸ್ ಮೇಲಕ್ಕೆ ಸರಿಯುತ್ತದೆ, ಮಣಿಕಟ್ಟಿನ ನೋವು ಜನ್ಮಕ್ಕಂಟುತ್ತದೆ. ಅದನ್ನು ಬರೆದ ವರ್ಷವೇ, 40 ತುಂಬುವ ಮೊದಲೇ ಅವನು ತೀರಿಕೊಂಡ. ಪೊರೆಯ ಬಲವನ್ನು ಅಳೆದದ್ದು ನ್ಯೂಯಾರ್ಕಿನ ರಾಬರ್ಟ್ ಹಾಚ್‌ಕಿಸ್. ತಲೆ ತೆಗೆದ ಮೇಲೆ ಪೊರೆ ಕೊಡುವ ಉದ್ದದ ದಿಕ್ಕಿನ ಬಿಗಿತದಲ್ಲಿ ಶೇಕಡ 71 ಅದರ ನಡುಪಟ್ಟಿಯದೇ ಎಂದು 1989ರಲ್ಲಿ ತೋರಿಸಿದ. ಮೊಣಕೈ ತಪ್ಪಿ, ರೇಡಿಯಸ್ಸಿನ ತಲೆಯೂ ಅಲ್ನಾದ ಮುಂಚಾಚೂ ಒಟ್ಟಿಗೆ ಮುರಿಯುವ ಗಾಯಕ್ಕೆ ‘ಭಯಂಕರ ತ್ರಿವಳಿ’ ಎಂಬರ್ಥದ ಹೆಸರಿಟ್ಟವನೂ ಅವನೇ. ಚೂರಾದ ತಲೆಯನ್ನು ತೆಗೆದು ಅದರ ಬದಲಿಗೆ ಕೂರಿಸಿದ ಸಿಲಿಕೋನ್ ಗುಂಡುಗಳು ಭಾರ ತಾಳದೆ ಒಡೆದು ಕೀಲಿನಲ್ಲಿ ಉರಿಯೂತ ಎಬ್ಬಿಸಿದವು. ಲೋಹದವು ಅವುಗಳ ಜಾಗಕ್ಕೆ ಬಂದವು.

ಮಕ್ಕಳ ಕಥೆಯೇ ಬೇರೆ. ಅವರ ಅಲ್ನಾ ಹಸಿಕಡ್ಡಿಯಂತೆ ಬಾಗಿ, ಮುರಿದೇ ಇಲ್ಲವೆನ್ನಿಸಬಹುದು. ಆದರೂ ರೇಡಿಯಸ್ಸಿನ ತಲೆ ಜಾರಿರುತ್ತದೆ. ಹೊಸ ಗಾಯವಾದರೆ ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದರೆ ಹೆಚ್ಚಿನಂಶ ಸಾಕು. ಹಳೆಯದಾದರೆ ಗೋಳು. 1965ರಲ್ಲಿ ಶಸ್ತ್ರವೈದ್ಯ ಬೆಲ್ ಟಾವ್ಸ್ ತೋಳಿನ ಹಿಂಬದಿಯ ಸ್ನಾಯುರಜ್ಜಿನ ಒಂದು ಪಟ್ಟಿಯಿಂದ ರೇಡಿಯಸ್ಸಿನ ತಲೆಯನ್ನು ಹಿಡಿದಿಡುವ, ಹರಿದ ಅಸ್ಥಿರಜ್ಜುವನ್ನು ಮತ್ತೆ ಕಟ್ಟಿದ. ಈಗ ಮೊದಲು ಅಲ್ನಾವನ್ನೇ ಕತ್ತರಿಸಿ, ಬಾಗು ಸರಿಪಡಿಸುತ್ತಾರೆ. ಗಾಯ ಹಾಗೆ ಹಳೆಯದಾಗುವುದು ಹೇಗೆ? ನಮ್ಮಲ್ಲಿ ಮೂಳೆ ಕಟ್ಟುವ ನಾಟಿ ವೈದ್ಯರ ಪುತ್ತೂರು ಕಟ್ಟಿನ ಬೋರ್ಡುಗಳು ಬೆಂಗಳೂರಿನಲ್ಲೂ ಕಾಣುತ್ತವೆ. ದಬ್ಬೆ ಕಟ್ಟಿದರೆ ಮುರಿದ ಮೂಳೆ ಕೂಡಬಹುದು. ಜಾರಿದ ತಲೆ ತಾನಾಗಿ ಒಳಗೆ ಹೋಗದು. ಹಾಗೆಂದು ಆಸ್ಪತ್ರೆಗಳೂ ತಪ್ಪಿಗೆ ಹೊರತಲ್ಲ. ಮೊಣಕೈ ಬಿಟ್ಟು ಬರೀ ಮುಂಗೈ ಎಕ್ಸ್-ರೇ ತೆಗೆದರೆ ಜಾರಿದ್ದು ಫಿಲ್ಮಿನ ಆಚೆಗೇ ಉಳಿಯುತ್ತದೆ. ರೇಡಿಯಸ್ಸಿನ ನಡುವೆ ಗೆರೆಯೆಳೆದರೆ, ಯಾವ ಕೋನದ ಚಿತ್ರದಲ್ಲೂ ಅದು ತೋಳಿನ ಮೂಳೆಯ ಕೆಳತುದಿಯ ಗುಂಡು ಭಾಗವನ್ನು ಮುಟ್ಟಬೇಕು. ಈ ಪರೀಕ್ಷೆಗೆ ಬೇಕಾದದ್ದು ಪೆನ್ಸಿಲು, ಅಡಿಪಟ್ಟಿ.

ಇತ್ಯರ್ಥವಾಗದೆ ಉಳಿದಿರುವುದು ಎಸೆಕ್ಸ್-ಲೊಪ್ರೆಸ್ಟಿಯ ಹರಿದ ಪೊರೆ. ಅದು ತಾನಾಗಿ ಕೂಡುವುದು ಕಡಿಮೆ. ಕೆಲವರು ರೋಗಿಯದೇ ಸ್ನಾಯುರಜ್ಜಿನಿಂದ, ಕೆಲವರು ಗಟ್ಟಿ ದಾರ ಮತ್ತು ಲೋಹದ ಗುಂಡಿಯಿಂದ ಎರಡು ಮೂಳೆಗಳನ್ನು ಬಿಗಿಯುತ್ತಾರೆ. ಯಾವುದು ಮೇಲು ಎಂಬ ಬಗ್ಗೆ ಶಸ್ತ್ರವೈದ್ಯರಲ್ಲಿ ಒಮ್ಮತವಿಲ್ಲ.