ಹಕ್ಕಿಯ ಒಳಗಿವಿಯ ನರಗಳು: ಒಂದು ಶೋಧದ ಚರಿತ್ರೆ

ಸೀತಾಬರ್ಡಿ ಶಾಸನವೆಂದು ಹೆಸರಾದ ಶಿಲಾಲೇಖವು ನಾಗಪುರದ ಕನ್ನಡಿಗರಿಗೆ ಅಪರಿಚಿತವಲ್ಲ. ಶಕ 1008ರ, ಎಂದರೆ ಕ್ರಿ.ಶ. 1087ರ, ಆ ಲೇಖವು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಗೆ ಸೇರಿದುದು. ಅವನ ಮಗ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುಕ್ಕುಟ, ಲಾವಕ, ಪಾರಾವತಗಳು ಅರಸರ ವಿನೋದಗಳ ಸಾಲಿನಲ್ಲಿ ಬಂದಿವೆ. ಕೋಳಿ, ಲಾವುಗೆ, ಪಾರಿವಾಳ ಎಂಬ ಈ ಮೂರು ಬಗೆಯ ಹಕ್ಕಿಗಳೇ ಶತಮಾನಗಳ ತರುವಾಯ ಪಶ್ಚಿಮದ ಪ್ರಯೋಗಶಾಲೆಗಳಲ್ಲಿ ಕಿವಿಯ ಮರ್ಮವನ್ನು ಬಿಡಿಸಿಕೊಟ್ಟವು. ಇದೆಲ್ಲವೂ ನಮ್ಮ ಪ್ರಾಚೀನರಿಗೆ ತಿಳಿದಿತ್ತೆಂದು ಹೇಳಿಕೊಳ್ಳುವ ಚಪಲ ನಮಗೆ ಬೇಡ. ಹಕ್ಕಿಯ ನಡೆಯನ್ನು ಬಲ್ಲವರು ಒಬ್ಬರು. ಆ ನಡೆಯ ಹಿಂದಿನ ನರವನ್ನು ಕಂಡವರು ಬೇರೊಬ್ಬರು. ಇಬ್ಬರನ್ನೂ ಬೆರೆಸಿದರೆ ಇಬ್ಬರಿಗೂ ಅನ್ಯಾಯವಾದೀತು.

ಮಿದುಳಿನಿಂದ ಹೊರಡುವ ಎಂಟನೆಯ ಕಪಾಲ ನರವು ಹಕ್ಕಿಯ ಒಳಗಿವಿಗೆ ಎರಡು ಕವಲಾಗಿ ಬರುತ್ತದೆ. ಒಂದು ಕವಲು ಮೂರು ಅರ್ಧವರ್ತುಲ ನಾಳಗಳನ್ನೂ ಅವುಗಳ ಬಳಿಯ ಚೀಲಗಳನ್ನೂ ಸೇರುತ್ತದೆ; ಇನ್ನೊಂದು, ಧ್ವನಿಯನ್ನು ಗ್ರಹಿಸುವ ನಾಳವನ್ನು. ಮನುಷ್ಯನಲ್ಲಿ ಶಂಖದಂತೆ ಸುರುಳಿಗೊಂಡಿರುವ ಈ ನಾಳವು ಹಕ್ಕಿಯಲ್ಲಿ ಗಿಡ್ಡವಾಗಿ, ತುಸುವೇ ಬಾಗಿರುತ್ತದೆ.

ಎರಡು ಕವಲುಗಳ ಕಾರ್ಯವೂ ಬೇರೆ ಬೇರೆ ಎಂಬುದು ಬಹುಕಾಲ ಸ್ಪಷ್ಟವಿರಲಿಲ್ಲ. ಕಿವಿಯಲ್ಲಿರುವುದೆಲ್ಲವೂ ಕೇಳುವುದಕ್ಕೇ ಎಂಬ ಎಣಿಕೆಯಿತ್ತು. 1820ರ ದಶಕದಲ್ಲಿ ಫ್ರಾನ್ಸಿನ ಫ್ಲೂರಾಂಸನು ಪಾರಿವಾಳದ ಸಮತಲ ನಾಳವನ್ನು ಕತ್ತರಿಸಿದಾಗ ಹಕ್ಕಿಯು ತಲೆಯನ್ನು ಎಡಬಲಕ್ಕೆ ಹೊಯ್ದಾಡಿಸತೊಡಗಿತು. ಶ್ರವಣಶಕ್ತಿಯು ಮಾತ್ರ ಉಳಿದಿತ್ತು. ಇದು ಸಮತೋಲದ ಇಂದ್ರಿಯವೆಂದು 1870ರಲ್ಲಿ ಜರ್ಮನಿಯ ಗೋಲ್ಟ್ಸನು ಪ್ರತಿಪಾದಿಸಿದನು. ಸ್ವೀಡನ್ನಿನ ರೆಟ್ಸಿಯಸನು 1884ರ ತನ್ನ ಬೃಹತ್ ಗ್ರಂಥಭಾಗದಲ್ಲಿ ಹಕ್ಕಿಗಳ ಒಳಗಿವಿಯನ್ನು ಚಿತ್ರಸಹಿತ ವರ್ಣಿಸಿದನು.

ಮುಂದೆ ವಿದ್ವಾಂಸರ ದೃಷ್ಟಿ ನರದ ತುದಿಗೆ ಹೊರಳಿತು. ಅಲ್ಲಿ ಧ್ವನಿಯ ಅಲುಗಾಟವನ್ನು ನರಕ್ಕೆ ತಲುಪಿಸುವ ರೋಮಕೋಶಗಳಿವೆ. ಹಕ್ಕಿಯಲ್ಲಿ ಇವು ಎತ್ತರದವು, ಗಿಡ್ಡವು ಎಂದು ಎರಡು ಬಗೆ. ಎತ್ತರದವುಗಳಿಂದ ಸುದ್ದಿ ಮಿದುಳಿಗೆ ಹೋಗುತ್ತದೆ. ಗಿಡ್ಡವುಗಳಿಗೆ ಮುಖ್ಯವಾಗಿ ಮಿದುಳಿನಿಂದ ಹೊರಟ ತಂತುಗಳು ಬಂದು ಸೇರುತ್ತವೆ. ನರವೆಂದರೆ ಒಮ್ಮುಖದ ದಾರಿಯಲ್ಲ.

ಕೋಳಿಯ, ಲಾವುಗೆಯ ಸರದಿ ಬಂದುದು 1988ರಲ್ಲಿ. ಅತಿಯಾದ ಸದ್ದಿನಿಂದ ನಾಶವಾದ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುವುದನ್ನು ಕಾರ್ವಿನ್ ಮತ್ತು ಕೊಟಾಂಚ್ ಎಂಬುವರು ಕೋಳಿಯಲ್ಲಿ, ರಯಲ್ಸ್ ಮತ್ತು ರೂಬೆಲ್ ಎಂಬುವರು ಬೆಳೆದ ಜಪಾನೀ ಲಾವುಗೆಯಲ್ಲಿ ತೋರಿಸಿಕೊಟ್ಟರು. ಎರಡು ಲೇಖನಗಳೂ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದವು. ನರತಂತುಗಳು ಈ ಹೊಸ ಕೋಶಗಳನ್ನು ಮತ್ತೆ ಕೂಡಿಕೊಳ್ಳುವುವೆಂದೂ ಶ್ರವಣವು ಬಹುಮಟ್ಟಿಗೆ ಮರಳುವುದೆಂದೂ ಅನಂತರದ ಅಧ್ಯಯನಗಳು ತಿಳಿಸಿದುವು.

ಮನುಷ್ಯನಿಗೆ ಈ ಭಾಗ್ಯವಿಲ್ಲ. ಯಂತ್ರದ ಸದ್ದಿನಿಂದಲೋ ಸಿಡಿಮದ್ದಿನಿಂದಲೋ ಶ್ರವಣನಾಳದ ರೋಮಕೋಶ ಒಮ್ಮೆ ಅಳಿದರೆ ತಾನಾಗಿ ಮತ್ತೆ ಹುಟ್ಟದು. ನರ ಉಳಿದಿದ್ದರೂ ಅದಕ್ಕೆ ಸುದ್ದಿ ಕೊಡುವವರಿಲ್ಲ. ಹಕ್ಕಿಗೆ ಸಾಧ್ಯವಾದುದು ನಮಗೇಕೆ ಅಸಾಧ್ಯವೆಂಬ ಪ್ರಶ್ನೆ ಕಿವುಡರ ಪಾಲಿಗೆ ಬರಿಯ ಕುತೂಹಲವಲ್ಲ. ಅರಸರ ಅಂಗಳದಲ್ಲಿ ವಿನೋದಕ್ಕಾಗಿ, ಪ್ರಯೋಗಶಾಲೆಯಲ್ಲಿ ಅರಿವಿಗಾಗಿ ನೋವುಂಡ ಈ ಮೂಕಜೀವಿಗಳ ಋಣವನ್ನು ವಿಜ್ಞಾನದ ಇತಿಹಾಸಕಾರನು ಬರೆದಿಡುವುದು ನ್ಯಾಯ.