ಅಣಬೆ, ಅರ್ಬುದ ಮತ್ತು ಅರ್ಧ ಶತಮಾನದ ಶೋಧ

ಗುಡುಗು ಮಳೆಯ ಮರುದಿನ ಹುತ್ತದ ಮಗ್ಗುಲಲ್ಲಿ ತಲೆಯೆತ್ತುವ ಅಣಬೆಯನ್ನು ಕನ್ನಡಿಗರಾದ ನಾವು ಋತುವಿನ ರುಚಿಯಾಗಿ ಬಲ್ಲೆವು. ಗ್ಯಾನೊಡರ್ಮ ಕುಲದ ಅಣಬೆಯಂತೂ ಮಲೆನಾಡಿನ ತೋಟಗಳಿಗೆ ವೈರಿ. ಅಡಿಕೆ ಮರವನ್ನು ಬುಡದಿಂದಲೇ ಕೊಳೆಸಿ ಕೊಲ್ಲುವ ಅದರ ಹಾವಳಿಗೆ ‘ಅಣಬೆ ರೋಗ’ವೆಂದೇ ಹೆಸರು. ಅದೇ ಕುಲದ ಅಣಬೆ ಚೀನದಲ್ಲಿ ಲಿಂಗ್‌ಝಿ, ಜಪಾನಿನಲ್ಲಿ ರೇಶಿ ಎಂಬ ಹೆಸರಿನಿಂದ ದೀರ್ಘಾಯುಸ್ಸಿನ ಮದ್ದೆಂದು ಶತಮಾನಗಳಿಂದ ಮಾನ್ಯವಾಗಿದೆ. ಇಂದು ನಾವು ನೆಲಸಿರುವ ನಗರಗಳಲ್ಲಿ ಅದರ ಪುಡಿ ತುಂಬಿದ ಕ್ಯಾಪ್ಸೂಲುಗಳು ಕ್ಯಾನ್ಸರ್ ರೋಗಿಗಳ ಮನೆಗಳನ್ನೂ ತಲುಪುತ್ತಿವೆ. ಈ ಭರವಸೆಯ ಹಿಂದಿರುವ ವಿಜ್ಞಾನ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ ಎಂಬುದನ್ನು ಅರಿತಿದ್ದರೆ ಒಳಿತು.

ಆಧುನಿಕ ಶೋಧದ ಮೊದಲ ಹೆಜ್ಜೆಗಳು 1950ರ ದಶಕದಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾಣುತ್ತವೆ. ಅಲ್ಲಿ ಎಡ್ವರ್ಡ್ ಲ್ಯೂಕಸ್ ಮತ್ತು ಸಂಗಡಿಗರು ಚೆಂಡಿನಂತೆ ಬೆಳೆಯುವ ಒಂದು ದೈತ್ಯ ಅಣಬೆಯಿಂದ ‘ಕ್ಯಾಲ್ವಸಿನ್’ ಎಂಬ ಸತ್ತ್ವವನ್ನು ತೆಗೆದು, ಇಲಿಗಳ ಗೆಡ್ಡೆಯ ಮೇಲೆ ಅದರ ಪ್ರಭಾವವನ್ನು ಕಂಡರು. ಆದರೆ ಅದರ ವಿಷಗುಣ ಬೆಳಕಿಗೆ ಬಂದು ಆ ದಾರಿ ಅಲ್ಲಿಗೇ ನಿಂತಿತು.

ಮುಂದಿನ ಅಧ್ಯಾಯ ಜಪಾನಿನದು. ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಸಂಶೋಧನಾಲಯದಲ್ಲಿ ತೆತ್ಸುರೊ ಇಕೆಕಾವಾ ಮತ್ತು ಸಹೋದ್ಯೋಗಿಗಳು ತಿನ್ನುವ ಅಣಬೆಗಳ ಕಷಾಯವನ್ನು, ‘ಸಾರ್ಕೋಮ 180’ ಎಂಬ ಗೆಡ್ಡೆಯನ್ನು ನೆಟ್ಟ ಇಲಿಗಳ ಮೇಲೆ ಪರೀಕ್ಷಿಸಿ, 1969ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಲವು ಅಣಬೆಗಳು ಗೆಡ್ಡೆಯ ಬೆಳವಣಿಗೆಯನ್ನು ತಡೆದಿದ್ದವು. ಅದೇ ವರ್ಷ ಗೊರೊ ಚಿಹಾರಾ ಮತ್ತು ಸಂಗಡಿಗರು ಶಿಟಾಕೆ ಅಣಬೆಯಿಂದ ‘ಲೆಂಟಿನಾನ್’ ಎಂಬ ಶುದ್ಧ ವಸ್ತುವನ್ನು ಬೇರ್ಪಡಿಸಿದ ಸುದ್ದಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಸಾರಿದರು. ಅದು ಗ್ಲುಕೋಸಿನ ಕಣಗಳು ಸರಪಳಿಯಾಗಿ ಹೆಣೆದುಕೊಂಡ ಬೀಟಾ ಗ್ಲುಕಾನ್ ಎಂಬ ಸಕ್ಕರೆ.

ಈ ಸಕ್ಕರೆ ಕ್ಯಾನ್ಸರ್ ಕೋಶಗಳನ್ನು ನೇರವಾಗಿ ಕೊಲ್ಲುತ್ತಿರಲಿಲ್ಲ ಎಂಬುದು ಶೋಧದ ತಿರುಳು. ಹುಟ್ಟಿದೊಡನೆ ಥೈಮಸ್ ಗ್ರಂಥಿಯನ್ನು ತೆಗೆದ ಇಲಿಗಳಲ್ಲಿ ಲೆಂಟಿನಾನ್ ಕೆಲಸ ಮಾಡುವುದಿಲ್ಲವೆಂದು 1971ರಲ್ಲಿ ತಿಳಿದುಬಂತು. ಹೋರಾಡುತ್ತಿದ್ದುದು ದೇಹದ ರೋಗನಿರೋಧಕ ವ್ಯವಸ್ಥೆ; ಅಣಬೆ ಅದನ್ನು ಎಚ್ಚರಿಸುತ್ತಿತ್ತು, ಅಷ್ಟೆ. ಬಿಳಿ ರಕ್ತಕಣಗಳು ಬೀಟಾ ಗ್ಲುಕಾನನ್ನು ಗುರುತಿಸುವುದು ‘ಡೆಕ್ಟಿನ್ 1’ ಎಂಬ ಗ್ರಾಹಿಯ ಮೂಲಕ ಎಂಬುದು 2001ರಲ್ಲಿ ಸ್ಪಷ್ಟವಾಯಿತು.

ಜಪಾನು ಈ ಅರಿವನ್ನು ಆಸ್ಪತ್ರೆಗೆ ತಂದಿತು. ಟ್ರ್ಯಾಮಿಟಿಸ್ ಅಣಬೆಯಿಂದ ತೆಗೆದ ‘ಕ್ರೆಸ್ಟಿನ್’ 1977ರಲ್ಲಿ, ಹೊಟ್ಟೆಯ ಕ್ಯಾನ್ಸರಿಗೆ ಲೆಂಟಿನಾನ್ 1985ರಲ್ಲಿ, ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣದೊಡನೆ ಕೊಡುವ ‘ಸ್ಕಿಜೊಫಿಲಾನ್’ 1986ರಲ್ಲಿ ಮನ್ನಣೆ ಪಡೆದವು. ಕ್ರೆಸ್ಟಿನ್ ಬಹು ಜನಪ್ರಿಯವಾಯಿತು. ಆದರೆ 1989ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮರುಪರಿಶೀಲಿಸಿ, ಒಂಟಿಯಾಗಿ ಕೊಡದೆ ಇತರ ಔಷಧಗಳ ಜೊತೆಗೆ ಮಾತ್ರ ಬಳಸಬೇಕೆಂದು ಮಿತಿ ಹಾಕಿತು. ಈ ಬಗೆಯ ಜೋಡಿ ಚಿಕಿತ್ಸೆಗೆ ಸಿಕ್ಕ ಪ್ರಬಲ ಸಾಕ್ಷ್ಯ 1994ರ ‘ಲ್ಯಾನ್ಸೆಟ್’ ಪತ್ರಿಕೆಯದು. ಹೊಟ್ಟೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆದ 262 ಮಂದಿಯಲ್ಲಿ, ಕೀಮೋ ಜೊತೆಗೆ ಕ್ರೆಸ್ಟಿನ್ ಪಡೆದವರಲ್ಲಿ ಶೇ. 73ರಷ್ಟು, ಕೀಮೋ ಮಾತ್ರ ಪಡೆದವರಲ್ಲಿ ಶೇ. 60ರಷ್ಟು ಮಂದಿ ಐದು ವರ್ಷ ಬದುಕಿದ್ದರು.

ಈ ಅಂಕಿಗಳು ಸಣ್ಣವಲ್ಲ. ಆದರೂ ಅವುಗಳನ್ನು ಎಲ್ಲ ಅಣಬೆಗಳಿಗೂ ಎಲ್ಲ ಕ್ಯಾನ್ಸರುಗಳಿಗೂ ಹಿಗ್ಗಿಸಲಾಗದು. ಸಾರ್ಕೋಮ 180 ಆ ಇಲಿಗಳಿಗೆ ಪರಕೀಯವಾದ ಗೆಡ್ಡೆ. ನಿರೋಧಕ ಶಕ್ತಿ ಅದನ್ನು ಹೊರದಬ್ಬುವುದು ಸುಲಭ, ಮನುಷ್ಯನ ಸ್ವಂತ ಕೋಶಗಳಿಂದಲೇ ಹುಟ್ಟಿದ ಅರ್ಬುದವನ್ನು ಹೊರದಬ್ಬುವುದು ಕಷ್ಟ. ಲೆಂಟಿನಾನನ್ನು ಕೊಟ್ಟದ್ದು ರಕ್ತನಾಳಕ್ಕೆ ಚುಚ್ಚಿ. ಶಿಟಾಕೆ ಸಾರು ಕುಡಿದರೆ ಅದೇ ಫಲ ದೊರೆಯುತ್ತದೆಂದು ಭಾವಿಸಲು ಆಧಾರವಿಲ್ಲ. ರೇಶಿಯ ಬಗೆಗಿನ ಕಾಕ್ರೇನ್ ಸಮೀಕ್ಷೆ 373 ರೋಗಿಗಳನ್ನೊಳಗೊಂಡ ಐದು ಪ್ರಯೋಗಗಳನ್ನು ತೂಗಿ, ಅದನ್ನು ಮೊದಲ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಪುರಾವೆಯಿಲ್ಲವೆಂದಿತು. ಮುಖ್ಯ ಚಿಕಿತ್ಸೆಯ ಜೊತೆಗೆ ಪೂರಕವಾಗಿ ಬಳಸುವ ಸಾಧ್ಯತೆಯನ್ನಷ್ಟೇ ತೆರೆದಿಟ್ಟಿತು. 2006ರಲ್ಲಿ ಜಪಾನಿನಲ್ಲೇ ಅಗಾರಿಕಸ್ ಅಣಬೆಯ ಒಂದು ಉತ್ಪನ್ನವು ಇಲಿಗಳಲ್ಲಿ ಗೆಡ್ಡೆಯನ್ನು ಉತ್ತೇಜಿಸುವ ಲಕ್ಷಣ ತೋರಿದ್ದರಿಂದ ಅದರ ಮಾರಾಟ ನಿಂತಿತು. ನೈಸರ್ಗಿಕವಾದುದೆಲ್ಲ ನಿರಪಾಯ ಎಂಬ ನಂಬಿಕೆಗೆ ಆ ಘಟನೆಯೇ ಉತ್ತರ.

ಹೀಗೆ ಅಣಬೆಯ ಶೋಧವು ಸುಳ್ಳೂ ಅಲ್ಲ, ಸಂಜೀವಿನಿಯೂ ಅಲ್ಲ. ದೇಹವೇ ಅರ್ಬುದದೊಡನೆ ಹೋರಾಡಬಲ್ಲದು ಎಂಬ ಚಿಂತನೆಯನ್ನು, ಅದು ವೈದ್ಯಲೋಕದ ಮುಖ್ಯಧಾರೆಗೆ ಬರುವ ದಶಕಗಳ ಮೊದಲೇ ಅದು ಪೋಷಿಸಿತು. ಆ ಗೌರವ ಅದಕ್ಕೆ ಸಲ್ಲಬೇಕು. ಆದರೆ ಔಷಧವಾಗಿ ಗೆದ್ದದ್ದು ನಿರ್ದಿಷ್ಟ ಸತ್ತ್ವ, ನಿರ್ದಿಷ್ಟ ರೋಗದಲ್ಲಿ, ನಿರ್ದಿಷ್ಟ ಚಿಕಿತ್ಸೆಯ ಜೊತೆಯಲ್ಲಿ. ಊರಿನಿಂದ ದೂರ, ಹಿರಿಯರ ಸಲಹೆ ಫೋನಿನಲ್ಲಷ್ಟೇ ದೊರೆಯುವ ನಮ್ಮ ಮನೆಗಳಲ್ಲಿ ರೋಗ ಬಂದಾಗ, ಯಾರೋ ತಂದಿತ್ತ ಸೀಸೆಯನ್ನು ಆಸೆಯಿಂದ ತೆರೆಯುವುದು ಸಹಜ. ತೆರೆಯುವ ಮೊದಲು ಅದನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತೋರಿಸೋಣ. ಅದರ ಮೇಲಿನ ಭರವಸೆಯಿಂದ ಶಸ್ತ್ರಚಿಕಿತ್ಸೆಯ ದಿನವನ್ನಾಗಲಿ ಕೀಮೋವಿನ ಸರದಿಯನ್ನಾಗಲಿ ಮುಂದೂಡದಿರೋಣ.