ಗರತಿ ಅಂತ ಹೆಸರಿಟ್ಟವರು

"ಆಗಿನ ಹೆಂಗಸ್ರು ಹತ್ತು ಹಡದು, ಬೀಸಿ, ರೊಟ್ಟಿ ಬಡದು, ಹೊಲಕ್ಕೂ ಹೋಗ್ತಿದ್ರು. ನಿಮಗ ಒಂದ್ ಕೂಸಿಗೇ ಸಾಕಾಗ್ಯದ!"

ಆಳಂದ, ಅಫಜಲಪುರ, ಜೇವರ್ಗಿ ಕಡೆ ಕೆಲಸಕ್ಕೆ ಹೋಗೋ ತಾಯಂದಿರಿಗೆ ಸಿಗುವ ಮಾತು ಇದು. ನನಗೂ ಸಿಕ್ಕಿದೆ. ಆಫೀಸು, ಮಗು, ಮನೆ, ಮೂರರಲ್ಲೂ ನೂರಕ್ಕೆ ನೂರು ತೆಗೀಬೇಕು ಅನ್ನೋ ಹಟದ ಬೆಂಕಿಗೆ ಈ "ಆಗಿನ ಹೆಂಗಸ್ರು" ತುಪ್ಪ ಸುರೀತಾರೆ. ಸರಿ, ಅವರು ನಿಜಕ್ಕೂ ಹೇಗಿದ್ರು ನೋಡೇಬಿಡೋಣ ಅನ್ನಿಸ್ತು.

ಅವರು ಡೈರಿ ಬರೆದಿಡಲಿಲ್ಲ. ಉಳಿದಿರೋದು ಬೀಸುವ ಹಾಡು. ಅಫಜಲಪುರದಿಂದ ಭೀಮೆ ದಾಟಿ ಪಶ್ಚಿಮಕ್ಕೆ ಹೋದರೆ ವಿಜಯಪುರ ಜಿಲ್ಲೆಯ ಹಲಸಂಗಿ. ಅಲ್ಲಿನ ಗೆಳೆಯರ ಬಳಗ ಹೆಂಗಸರ ತ್ರಿಪದಿಗಳನ್ನ ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಅಂತ ಪ್ರಕಟಿಸಿತು. ಆಗ ಹಲಸಂಗಿ ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ಕಡೆ ನಿಜಾಮನ ಆಳ್ವಿಕೆ. ಆದರೆ ಜೋಳ ಎರಡೂ ದಂಡೆಯಲ್ಲಿ ಒಂದೇ.

ಜೋಳದ ಹಿಟ್ಟು ಹಳೇದಾದ್ರೆ ಜಿಗುಟು ಹೋಗಿ ರೊಟ್ಟಿ ಬಿರಿಯುತ್ತೆ. ಹಾಗಾಗಿ ಆಗಾಗ ಬೀಸಲೇಬೇಕು, ಅದೂ ಬೆಳಕು ಹರಿಯೋ ಮುಂಚೆ. ಕಲ್ಲನ್ನ ಒಬ್ಬಳೇ ತಿರುಗಿಸಬಹುದು. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದರೆ ಹಗುರ. ಹಾಡಿನಲ್ಲಿ ಬರೋದು ಕೂಸು, ತವರು, ಅಣ್ಣತಮ್ಮಂದಿರು, ಅತ್ತೆಮನೆ. ದಣಿವು, ಅಳು ಕೂಡ ಬರುತ್ತೆ. ಎಲ್ಲಾ ಸಲೀಸಾಗಿ ನಿಭಾಯಿಸಿದೆ ಅನ್ನೋ ಹೆಮ್ಮೆಗಿಂತ ಯಾರ ಹತ್ರ ಹೇಳಿಕೊಳ್ಳಲಿ ಅನ್ನೋ ಧಾಟಿಯೇ ನನಗೆ ಹೆಚ್ಚು ಕೇಳಿಸಿತು.

ಹಾಗಿದ್ರೆ "ಗರತಿ"? ಆ ಹೆಸರು ಸಂಕಲನಕ್ಕೆ ಇಟ್ಟವರು ಗಂಡಸರು. ಅವರ ಉಪಕಾರ ದೊಡ್ಡದು, ಜಗಳವಿಲ್ಲ :) ಆದರೂ ಬೀಸುವವಳು ಪುಸ್ತಕದ ಹೊದಿಕೆಗೆ ಬರುವಷ್ಟರಲ್ಲಿ ಆದರ್ಶ ಗೃಹಿಣಿಯಾಗಿಬಿಟ್ಟಳು. ಆಳಂದದಿಂದಾಚೆ ಬಸವಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ ಹೀಗಿರಲಿಲ್ಲ ನೋಡಿ. ಕೊಟ್ಟಣದ ಸೋಮವ್ವೆ ಅಂದ್ರೆ ಧಾನ್ಯ ಕುಟ್ಟುವವಳು, ಕದಿರ ರೆಮ್ಮವ್ವೆ ಅಂದ್ರೆ ನೂಲುವವಳು. ಹೆಸರಿಗೆ ಅಂಟಿದ್ದು ಕೆಲಸ, ಗುಣದ ಸರ್ಟಿಫಿಕೇಟ್ ಅಲ್ಲ.

ಆ ಕಾಲವೇ ಚೆನ್ನಾಗಿತ್ತು ಅಂತಲ್ಲ. ತಾಯಿ ಹೊಲದಲ್ಲಿ ಕಳೆ ತೆಗೀತಿದ್ರೆ ಕೂಸು ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ. ಅದನ್ನ ತೂಗ್ತಿದ್ದವಳು ಎಷ್ಟೋ ಸಲ ಏಳೆಂಟು ವರ್ಷದ ಅಕ್ಕ, ಸಾಲಿ ಬಿಟ್ಟವಳು. "ಹತ್ತು ಹಡದು" ಅನ್ನೋರು ಈ ಹುಡುಗಿಯನ್ನ ಲೆಕ್ಕಕ್ಕೇ ಹಿಡಿಯಲ್ಲ. ಅಜ್ಜಿ, ನೆಗೆಣ್ಣಿ, ಪಕ್ಕದ ಮನೆಯವಳನ್ನೂ ಅಷ್ಟೇ.

ಆಮೇಲೆ ಹಿಟ್ಟಿನ ಗಿರಣಿ ಬಂತು. ರಟ್ಟೆ ಉಳೀತು. ಎದುರಿಗೆ ಕೂತು ಗೂಟ ಹಿಡೀತಿದ್ದವಳೂ ಎದ್ದು ಹೋದಳು. ನಮ್ಮಂಥವರು ಇನ್ನೂ ದೂರ ಬಂದು, ಎರಡು ಕೋಣೆಯ ಮನೆಯಲ್ಲಿ ಆ ಎಲ್ಲರ ಪಾಲನ್ನೂ ಒಬ್ಬರೇ ಮಾಡ್ತಾ, ಅದನ್ನೇ ಸಂಪ್ರದಾಯ ಅಂದ್ಕೊಂಡಿದ್ದೀವಿ.

ಮಗು ಹಿಡಿಯೋ ಕೈಗಳನ್ನ ಕಾನೂನು ಲೆಕ್ಕಕ್ಕೆ ತಗೊಂಡದ್ದು ನಿಧಾನವಾಗಿ. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂದಿದ್ದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ. ಹಳ್ಳಿಯ ಕೂಲಿ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯೋದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಜೋಳಿಗೆ ತೂಗುವ ಅಕ್ಕನಿಗೆ ಸಾಲಿಗೆ ಹೋಗೋಕೆ ಅದರಿಂದ ದಾರಿಯಾದ್ರೆ ನನಗೆ ಅಷ್ಟೇ ಖುಷಿ.